ಕದಿರೇಶನ ಖಾಲಿ ಸವಾರಿ

ಆ ಕಾರಿಗೆ ಬಾಗಿಲುಗಳಿದ್ದವು. ಎಡಕ್ಕೊಂದು, ಬಲಕ್ಕೊಂದು, ಎರಡಕ್ಕೂ ಹೊಳೆಯುವ ಹಿಡಿ. ಹಿಡಿ ಎಳೆದರೆ ತೆರೆದುಕೊಳ್ಳುವಷ್ಟು ಸೌಜನ್ಯವನ್ನು ಮೆಕ್ಯಾನಿಕ್ ಮುಖ್ತಿಯಾರ್ ಅವಕ್ಕೆ ಕಲಿಸಿಯೂ ಇದ್ದ. ಆದರೆ ಕ್ಯಾಲನೂರಿನ ಕದಿರೇಶ ತನ್ನ ಫೋನಿನ ರೀಲ್ಸ್‌ಗಳಲ್ಲಿ ನೋಡಿದ್ದ ಕಪ್ಪು ಕನ್ನಡಕದ ಯುವಕರಲ್ಲಿ ಒಬ್ಬನೂ ಇಂಥ ಕಾರನ್ನು ಬಾಗಿಲಿನಿಂದ ಹತ್ತಿರಲಿಲ್ಲ. ಒಂದು ಕೈ ಊರಿ, ಕಾಲು ಬೀಸಿ, ನೇರವಾಗಿ ಸೀಟಿಗೆ ಜಾರುವುದೇ ಅಲ್ಲಿನ ಶಿಷ್ಟಾಚಾರ. ಕದಿರೇಶನೂ ಬೀಸಿದ. ಬಲಗಾಲು ಕಾರಿನ ಒಳಗೆ ಹೋಯಿತು, ಎಡಗಾಲು ಹೊರಗೇ ಉಳಿಯಿತು. ನಡುವೆ ಸಿಕ್ಕಿಬಿದ್ದ ಪ್ಯಾಂಟು ಯಾರ ಪಕ್ಷ ವಹಿಸಬೇಕೆಂದು ತಿಳಿಯದೆ ಇಬ್ಭಾಗವಾಯಿತು.

ಸದ್ದು ಚಿಕ್ಕದೇ. ಆದರೆ ಕೋಲಾರದ ಕ್ಲಾಕ್ ಟವರ್ ಹಿಂದಿನ ಗಲ್ಲಿಯ ಆ ಗ್ಯಾರೇಜಿನಲ್ಲಿ ಆಗತಾನೇ ಗ್ರೈಂಡರ್ ನಿಂತಿತ್ತು. ಹಾಗಾಗಿ ಎಲ್ಲರಿಗೂ ಕೇಳಿಸಿತು.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಕಾರಿನ ಯಜಮಾನರು, ಮಾಲೂರಿನ ಹೆಂಚಿನ ಕಾರ್ಖಾನೆಯ ವೆಂಕಟರಾಯಪ್ಪನವರು, ಟೀ ಲೋಟ ಕೆಳಗಿಟ್ಟು ಶಾಂತವಾಗಿ ಹೇಳಿದರು: "ಬಾಗ್ಲಿದೆ ಕಣಪ್ಪ ಅದಕ್ಕೆ."

ಮುಖ್ತಿಯಾರ್ ಗ್ರೀಸು ಒರೆಸುವ ಬಟ್ಟೆಯನ್ನು ಗೆಳೆಯನ ಕಡೆ ಎಸೆದ. "ತಗೋ ಭಾಯ್, ಕಟ್ಕೋ. ಓಪನ್ ಟಾಪ್ ಗಾಡಿ ಅಂತ ಅಷ್ಟೇ ನಾನು ಹೇಳಿದ್ದು. ಓಪನ್ ಬಾಟಮ್ ನೀನೇ ಸೇರಿಸ್ದೆ."

ಕದಿರೇಶ ಬಟ್ಟೆ ಸುತ್ತಿಕೊಂಡು, ಬಾಗಿಲು ತೆರೆದು, ಮಾಮೂಲಿ ಮನುಷ್ಯನಂತೆ ಇಳಿದ. ಅವಮಾನವನ್ನು ಅವನು ಹೆಚ್ಚು ಹೊತ್ತು ಇಟ್ಟುಕೊಳ್ಳುವವನಲ್ಲ. ಹಾಲಿನ ಜೊತೆ ಕೆಲಸ ಮಾಡುವವರಿಗೆ ಯಾವುದನ್ನೂ ಹೆಚ್ಚು ಹೊತ್ತು ಇಟ್ಟುಕೊಂಡರೆ ಹುಳಿಯಾಗುತ್ತದೆ ಎಂಬುದು ಗೊತ್ತಿರುತ್ತದೆ.

ಹೌದು, ಕದಿರೇಶ ಹಾಲಿ ಹಾಲಿನ ಡ್ರೈವರ್. ಮಾಜಿ ಹಾಲಿನ ಡ್ರೈವರ್ ಅವನ ಅಪ್ಪ. ಅಪ್ಪನ ಹೆಸರು ಪೆದ್ದಪ್ಪ. ಹಾಗೆಂದು ಹೇಳಿದಾಗಲೆಲ್ಲ ಮುಳಬಾಗಿಲಿನ ಕಡೆಯ ತೆಲುಗು ಮಾತಾಡುವ ನೆಂಟರು ಒಂದು ಕ್ಷಣ ತಡೆದು, ಅಪ್ಪನ ವಿಷಯವೋ ದೊಡ್ಡಪ್ಪನ ವಿಷಯವೋ ಎಂದು ಖಾತ್ರಿ ಮಾಡಿಕೊಂಡೇ ಮುಂದುವರಿಯುತ್ತಾರೆ. ಅಪ್ಪನ ಸೊಂಟ ಸೋತಾಗ ವ್ಯಾನಿನ ಬೀಗದ ಕೈ ಮಗನಿಗೆ ಬಂತು. ರಾಜರ ಮನೆಯಲ್ಲಿ ಇದನ್ನು ಪಟ್ಟಾಭಿಷೇಕ ಎನ್ನುತ್ತಾರೆ. ಕ್ಯಾಲನೂರಿನಲ್ಲಿ ರೂಟು ಎನ್ನುತ್ತಾರೆ.

ರೂಟು ಎಂದರೆ ಇಷ್ಟೇ. ಆಕಾಶ ಇನ್ನೂ ಕಪ್ಪಗಿರುವಾಗ ಎದ್ದು, ಊರೂರಿನ ಡೈರಿ ಮುಂದೆ ವ್ಯಾನು ನಿಲ್ಲಿಸಿ, ಹಾರ್ನ್ ಹೊಡೆದು, ತುಂಬಿದ ಕ್ಯಾನು ಹತ್ತಿಸಿ, ಖಾಲಿ ಕ್ಯಾನು ಇಳಿಸಿ, ತಂಪು ಮಾಡುವ ಕೇಂದ್ರಕ್ಕೆ ಮುಟ್ಟಿಸುವುದು. ಮನೆಗೆ ಬಂದು ಮುದ್ದೆ ಉಂಡು ಕಣ್ಣು ಮುಚ್ಚುವಷ್ಟರಲ್ಲಿ ಸಂಜೆ ಹಾಲಿನ ಹೊತ್ತು. ಮತ್ತೆ ಅದೇ ಊರು, ಅದೇ ಹಾರ್ನ್. ಹಸುವಿಗೆ ಭಾನುವಾರ ಗೊತ್ತಿಲ್ಲ, ದೀಪಾವಳಿ ಗೊತ್ತಿಲ್ಲ, ಕದಿರೇಶನ ಸ್ನೇಹಿತರ ಮದುವೆ ಗೊತ್ತಿಲ್ಲ. ಪ್ರತಿ ಊರಿನಲ್ಲೂ ಯಾರೋ ಒಬ್ಬರು ಕಾದು ನಿಂತಿರುತ್ತಾರೆ, ಇನ್ನೊಬ್ಬರು ನಿನ್ನೆ ಫ್ಯಾಟ್ ಕಮ್ಮಿ ಬಂದದ್ದಕ್ಕೆ ಇವನೇ ದಾರಿಯಲ್ಲಿ ಕೆನೆ ತಿಂದನೆಂಬಂತೆ ನೋಡುತ್ತಾರೆ. ಒಟ್ಟು ದೂರ ಕೂಡಿಸಿದರೆ ಭೂಮಿಯನ್ನೇ ಸುತ್ತಿ ಬಂದಷ್ಟು ಓಡಿಸಿದ್ದಾನೆ. ನೋಡಿದ್ದು ಮಾತ್ರ ಡೈರಿಗಳನ್ನು.

ಅದಕ್ಕೇ ಅವನಿಗೊಂದು ಆಸೆಯಿತ್ತು. ಅದನ್ನು ಅವನು ಮುಖ್ತಿಯಾರನ ಗ್ಯಾರೇಜಿನಲ್ಲಿ, ವ್ಯಾನಿನ ಕ್ಲಚ್ ಪ್ಲೇಟ್ ಬದಲಾಗುತ್ತಿದ್ದಾಗ, ಯಾವಾಗಲೂ ಒಂದೇ ಮಾತಿನಲ್ಲಿ ಹೇಳುತ್ತಿದ್ದ.

"ಒಂದಿನ ಖಾಲಿ ಗಾಡಿ ಓಡಿಸ್ಬೇಕು ಕಣೋ. ಹಿಂದುಗಡೆ ಏನೂ ಇರಬಾರ್ದು. ಯಾವ ಊರಲ್ಲೂ ನಿಲ್ಲಿಸಬಾರ್ದು. ಯಾರೂ ನನ್ನ ಕಾಯ್ತಾ ಇರಬಾರ್ದು."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಸುಮ್ನೆ."

ಕೋಲಾರ ಜಿಲ್ಲೆಯಲ್ಲಿ ಸುಮ್ಮನೆ ಗಾಡಿ ಓಡಿಸುವ ಪದ್ಧತಿ ಇಲ್ಲ. ಇಲ್ಲಿ ಹೊರಟ ಗಾಡಿ ಟೊಮೆಟೊ ಹೊತ್ತಿರಬೇಕು, ಮಾವು ಹೊತ್ತಿರಬೇಕು, ಇಲ್ಲವೇ ವೇಮಗಲ್ಲಿನ ಫ್ಯಾಕ್ಟರಿಯ ಶಿಫ್ಟಿನವರನ್ನು ಹೊತ್ತಿರಬೇಕು. ಹಾಗಾಗಿ ಮುಖ್ತಿಯಾರ್ ನಕ್ಕುಬಿಡುತ್ತಿದ್ದ. ಕೆಂಪು ಕಾರು ಅವನ ಗ್ಯಾರೇಜಿಗೆ ಬರುವ ತನಕ.

ಆ ಕಾರು ವೆಂಕಟರಾಯಪ್ಪನವರ ತಂದೆಯ ಕಾಲದ್ದು. ಚಿನ್ನದ ಗಣಿಯ ಬಂಗಲೆಗಳಿಗೆ ಹೆಂಚು ಸರಬರಾಜು ಮಾಡುತ್ತಿದ್ದ ಆ ಹಿರಿಯರಿಗೆ, ಊರು ಬಿಟ್ಟು ಹೊರಟ ಗಣಿಯ ಸಾಹೇಬನೊಬ್ಬ ಮಾರಿಹೋದದ್ದು. ಎರಡೇ ಸೀಟು, ಮೇಲೆ ಸೂರಿಲ್ಲ, ಮೂತಿ ಉದ್ದ, ನೆಲಕ್ಕೆ ಎಷ್ಟು ಹತ್ತಿರವೆಂದರೆ ಒಳಗೆ ಕೂತವರು ಆಡಿನ ಕಣ್ಣಿಗೆ ಕಣ್ಣಿಟ್ಟು ಮಾತಾಡಬಹುದು. ಜನರ ಮನೆಗೆಲ್ಲ ಸೂರು ಹೊದಿಸಿದ ಮನುಷ್ಯ ಸೂರಿಲ್ಲದ ಕಾರು ಕೊಂಡದ್ದು ಮಾಲೂರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಅವರೂ ಅದನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಮಗನಿಗಂತೂ ಸ್ಟೇರಿಂಗ್ ಮುಟ್ಟಲು ಬಿಡಲಿಲ್ಲ. ಅವರು ಹೋದಮೇಲೆ ಅದು ಹೆಂಚು ಸುಡುವ ಗೂಡಿನ ಪಕ್ಕದ ಶೆಡ್ಡಿನಲ್ಲಿ ಕೋಳಿಗಳ ಹೆರಿಗೆ ಆಸ್ಪತ್ರೆಯಾಗಿ ಬಹಳ ಕಾಲ ಸೇವೆ ಸಲ್ಲಿಸಿತು. ಈಗ ಎಪ್ಪತ್ತು ದಾಟಿದ ವೆಂಕಟರಾಯಪ್ಪನವರಿಗೆ ಇದ್ದಕ್ಕಿದ್ದಂತೆ ಅದನ್ನು ಓಡಿಸಬೇಕೆನಿಸಿ, ಮುಖ್ತಿಯಾರನಿಗೆ ಒಪ್ಪಿಸಿದ್ದರು. ಕಾರಿನ ಕೀಲುಗಳೆಲ್ಲ ಸರಿಹೋಗುವ ಹೊತ್ತಿಗೆ ಅವರ ಮಂಡಿಯ ಕೀಲು ಕೈಕೊಟ್ಟಿತ್ತು. ಕ್ಲಚ್ ಒತ್ತಿದರೆ ಅವರೇ ಕೂಗುತ್ತಿದ್ದರು, ಹಾರ್ನ್ ಬೇಕಿರಲಿಲ್ಲ.

"ಒಂದು ದಿನ ಪೂರ್ತಿ ಓಡಿಸಿಕೊಂಡು ಬನ್ನಿ," ಎಂದರು ಅವರು, ಪ್ಯಾಂಟಿನ ಪ್ರಕರಣ ತಣ್ಣಗಾದ ಮೇಲೆ. "ಕೆರೆ ಏರಿ ಮೇಲೆ ಒಂದು ರೌಂಡ್ ಹೊಡೆದು ತಂದು ನಿಲ್ಲಿಸೋದಲ್ಲ. ಇಂಜಿನ್ ಕಾಯಬೇಕು. ಟಾಪ್ ಗೇರ್ ಹಾಕ್ಬೇಕು. ಅದು ಟಾಪ್ ಗೇರಲ್ಲಿ ಹೆಂಗೆ ಹೋಗ್ತದೆ ಅಂತ ನನಗೆ ಬಂದು ಹೇಳ್ಬೇಕು. ನಮ್ಮಪ್ಪ ಹಾಕ್ಲೇ ಇಲ್ಲ, ಸವೀತದೆ ಅಂತ. ಆದ್ರೆ ನೋಡ್ರಪ್ಪ, ಜಿಲ್ಲೆ ಮಾತ್ರ ದಾಟಬೇಡಿ."

"ಜಿಲ್ಲೆ ದಾಟಲ್ಲ ಸಾರ್," ಎಂದ ಮುಖ್ತಿಯಾರ್. ಆ ಮಾತು ಎಷ್ಟು ದುಬಾರಿಯಾದದ್ದು ಎಂದು ಇಬ್ಬರಿಗೂ ಆಗ ಹೊಳೆಯಲಿಲ್ಲ.

ಯೋಜನೆ ಶುರುವಾಯಿತು. ಅವರ ಪ್ಲಾನು ಪಲಾವಿಗಿಂತ ನಿಧಾನವಾಗಿ ಬೆಂದಿತು. ಕದಿರೇಶ ಬೆಳಗಿನ ಹಾಲು ಮುಟ್ಟಿಸಿ ಗ್ಯಾರೇಜಿಗೆ ಬಂದು ಕೂರುತ್ತಿದ್ದ. ಇಬ್ಬರೂ ಒಂದೇ ಫೋನಿನ ಮೇಲೆ ತಲೆ ಬಗ್ಗಿಸಿ ನಕ್ಷೆ ನೋಡುತ್ತಿದ್ದರು. ಮುಖ್ತಿಯಾರನ ತಂಗಿ, ಬಿ.ಕಾಂ. ಓದುವ ಅಂಬ್ರೀನ್, ಅಣ್ಣನಿಗೆ ಊಟದ ಡಬ್ಬಿ ತಂದಾಗ ನಿಂತು ಕೇಳುತ್ತಿದ್ದಳು.

"ಸೀನರಿ ಬೇಕು," ಎಂದ ಕದಿರೇಶ. "ಘಾಟ್ ರೋಡ್ ಥರ. ಒಂದು ಕಡೆ ಬೆಟ್ಟ, ಒಂದು ಕಡೆ ಮೋಡ."

"ಮೋಡ ಎಲ್ಲಿಂದ ತರ್ಲಿ? ಕಲ್ಲಿದೆ. ಅಂತರಗಂಗೆ ಕಡೆ ಹೋದ್ರೆ ಕಲ್ಲು, ಟೇಕಲ್ ಕಡೆ ಹೋದ್ರೆ ಕಲ್ಲಿನ ಮೇಲೆ ಕಲ್ಲು."

"ಕೆರೆ?"

"ಕೆರೆ ಇದೆ. ಒಳಗೆ ನೀರಿದೆಯಾ ಅಂತ ಮಾತ್ರ ಕೇಳ್ಬೇಡ."

"ಭಾಯ್‌ಜಾನ್," ಎಂದಳು ಅಂಬ್ರೀನ್, "ಕದಿರೇಶಣ್ಣಂಗೆ ಸೀನರಿ ಅಂದ್ರೆ ಡೈರಿ ಇಲ್ದೇ ಇರೋ ಜಾಗ. ಅಂಥದ್ದು ಈ ಜಿಲ್ಲೇಲಿ ಇದೆಯಾ ಮೊದ್ಲು ಹುಡುಕು."

ಹುಡುಕಿದರು. ಕೊನೆಗೆ ಗೆರೆ ಎಳೆದದ್ದು ಹೀಗೆ: ಬೆಳಿಗ್ಗೆ ಮಾಲೂರು, ಅಲ್ಲಿಂದ ಟೇಕಲ್ಲಿನ ಬಂಡೆಗಳ ನಡುವೆ ಹಾದು ಹೆದ್ದಾರಿ ಹಿಡಿದು ಮುಳಬಾಗಿಲು, ಮುಳಬಾಗಿಲಿಂದ ಶ್ರೀನಿವಾಸಪುರ, ಸಂಜೆ ಶ್ರೀನಿವಾಸಪುರದಿಂದ ಸುಗಟೂರಿನ ಕಡೆಯಾಗಿ ಮಾವಿನ ತೋಪುಗಳ ರಸ್ತೆಯಲ್ಲಿ ಕೋಲಾರ. ಆ ಕೊನೆಯ ತುಂಡೇ ಇಡೀ ಯೋಜನೆಯ ಕಿರೀಟ. ಎರಡೂ ಬದಿ ಕಾಯಿ ತೂಗುವ ಮರ, ಇಳಿ ಬಿಸಿಲು, ನೇರ ರಸ್ತೆ, ಭಾನುವಾರದ ನಿರ್ಜನತೆ. ಟಾಪ್ ಗೇರಿಗೆ ಹೇಳಿ ಮಾಡಿಸಿದ ಜಾಗ. ಅರ್ಧ ದಾರಿ ಮುಖ್ತಿಯಾರ್ ಓಡಿಸುವುದು, ಅರ್ಧ ಕದಿರೇಶ. ತೋಪಿನ ರಸ್ತೆ ಮಾತ್ರ ಕದಿರೇಶನದು. ಆವತ್ತಿನ ಹಾಲಿನ ರೂಟಿಗೆ ಅಪ್ಪ ಪೆದ್ದಪ್ಪನವರು ಒಪ್ಪಿದರು. ಒಪ್ಪಿದರು ಅನ್ನುವುದಕ್ಕಿಂತ, ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಸಿದ್ಧರಾಗಿಯೇ ಬಿಟ್ಟರು. ಮಾಜಿಗಳಿಗೆ ಒಂದು ದಿನ ಹಾಲಿಯಾಗುವ ಅವಕಾಶ ಸಿಕ್ಕರೆ ಬಿಡುವುದಿಲ್ಲ.

ತಪ್ಪು ಆದದ್ದು ಶನಿವಾರ ಮಧ್ಯಾಹ್ನ, ಊಟದ ಹೊತ್ತಿನಲ್ಲಿ. ಕದಿರೇಶ ತಾಯಿಗೆ ದಾರಿಯನ್ನು ವಿವರವಾಗಿ ಹೇಳಿದ.

ತಾಯಿ ಶಾಮಲಮ್ಮನವರು ಆಗ ಮಗಳು ಸುನಂದಳ ಮದುವೆಯ ಪತ್ರಿಕೆಗಳಿಗೆ ಅರಿಶಿನ ಹಚ್ಚುತ್ತಾ ಕೂತಿದ್ದರು.

"ಮಾಲೂರಿಗೆ ಹೋಗ್ತೀಯಾ?" ಎಂದರು ತಲೆಯೆತ್ತದೆ. "ನಿಮ್ಮತ್ತೆ ಮನೆ ಅಲ್ಲೇ ಅಲ್ವಾ."

"ಅಮ್ಮಾ, ಅದು ಟ್ರಿಪ್ಪು."

"ಹೂಂ. ಟ್ರಿಪ್ಪೇ. ಆಮೇಲೆ ಎಲ್ಲಿ, ಮುಳಬಾಗ್ಲು ಅಂದ್ಯಾ? ನಿಮ್ಮ ಚಿಕ್ಕಪ್ಪನ ಮನೆ. ಶ್ರೀನಿವಾಸಪುರದಲ್ಲಿ ನಮ್ಮಣ್ಣ. ನೋಡು, ದೇವ್ರೇ ದಾರಿ ಹಾಕಿಕೊಟ್ಟಂಗಿದೆ. ಬಸ್ಸಲ್ಲಿ ಹೋದ್ರೆ ವಾರ ಹಿಡೀತಿತ್ತು."

ಕದಿರೇಶನ ಕೈಯಲ್ಲಿದ್ದ ತುತ್ತು ಬಾಯಿಯ ದಾರಿ ಮರೆಯಿತು. ಜಿಲ್ಲೆ ದಾಟದ ಹಾಗೆ ಸುಂದರವಾದ ರಸ್ತೆಗಳನ್ನೆಲ್ಲ ಹುಡುಕಿ ಜೋಡಿಸಿದಾಗ, ಜಿಲ್ಲೆ ದಾಟದ ನೆಂಟರೆಲ್ಲ ಅವೇ ರಸ್ತೆಗಳ ಪಕ್ಕದಲ್ಲಿ ಮನೆ ಕಟ್ಟಿಕೊಂಡಿರುತ್ತಾರೆ ಎಂಬುದನ್ನು ಅವನ ನಕ್ಷೆ ತೋರಿಸಿರಲಿಲ್ಲ.

"ಪತ್ರಿಕೆ ವಾಟ್ಸಾಪಲ್ಲಿ ಹಾಕ್ತೀನಿ ಬಿಡಮ್ಮ. ಈಗೆಲ್ಲ ಹಂಗೇ."

"ಹಾಕಿದ್ರಲ್ಲ ಮೇಲಿನ ಬೀದಿಯವರು. ಜನಾನೂ ವಾಟ್ಸಾಪಲ್ಲೇ ಬಂದ್ರು, ಕೈ ಮುಗಿಯೋ ಬೊಂಬೆ ಕಳಿಸಿ. ಮಾಡಿದ ಲಾಡು ದನಕ್ಕೆ ಹಾಕಿದ್ರು."

"ಸರಿ, ಕೊಡು. ನಾನೂ ಮುಖ್ತಿಯಾರೂ ಬಾಗ್ಲಲ್ಲೇ ಕೊಟ್ಟು ಹೋಗ್ತೀವಿ."

ಶಾಮಲಮ್ಮ ಈಗ ತಲೆಯೆತ್ತಿದರು. "ನೀನು ಹೋಗಿ ಅತ್ತೆ ಹಣೆಗೆ ಕುಂಕುಮ ಇಡ್ತೀಯಾ? ಇಲ್ಲಾ ಮುಖ್ತಿಯಾರ್ ಇಡ್ತಾನಾ?"

ಮದುವೆಗೆ ಕರೆಯುವುದೆಂದರೆ ಪತ್ರಿಕೆ ಕೊಡುವುದಲ್ಲ. ಆ ಮನೆಯ ಹೆಣ್ಣುಮಕ್ಕಳಿಗೆ ಈ ಮನೆಯ ಮುತ್ತೈದೆ ಅರಿಶಿನ ಕುಂಕುಮ ಕೊಡಬೇಕು, ಗಂಡ ಹೆಂಡತಿಯನ್ನು ಜೊತೆಗೆ ನಿಲ್ಲಿಸಿ ಅಕ್ಷತೆಯ ಸಮೇತ ಪತ್ರಿಕೆ ಕೈಗಿಡಬೇಕು, ಕೂತು ಏನಾದರೂ ಬಾಯಿಗೆ ಹಾಕಿಕೊಳ್ಳಬೇಕು, ಹೊರಡುವಾಗ ಇನ್ನೊಮ್ಮೆ ಮೊದಲಿನಿಂದ ಕರೆಯಬೇಕು. ಇದರಲ್ಲಿ ಒಂದು ಮೆಟ್ಟಿಲು ತಪ್ಪಿದರೂ ಮದುವೆಯ ದಿನ ಊಟದ ಪಂಕ್ತಿಯಲ್ಲಿ ಒಂದು ಕುರ್ಚಿ ಖಾಲಿ, ಆಮೇಲೆ ಹತ್ತು ವರ್ಷ ಮಾತು ಖಾಲಿ. ಪೆದ್ದಪ್ಪನವರು ಹಾಲಿಗೆ ಹೋಗುವವರು. ಸುನಂದ ಮದುಮಗಳು, ಅವಳು ತಿರುಗುವಂತಿಲ್ಲ. ಉಳಿದದ್ದು ಶಾಮಲಮ್ಮ ಒಬ್ಬರೇ. ಕಾರಿನಲ್ಲಿ ಇದ್ದದ್ದು ಎರಡೇ ಸೀಟು.

"ಹೋಗ್ಲಿ ಬಿಡೋ," ಎಂದ ಮುಖ್ತಿಯಾರ್ ಫೋನಿನಲ್ಲಿ, ಎಲ್ಲ ಕೇಳಿಸಿಕೊಂಡು. "ನಾನು ಬೈಕಲ್ಲಿ ಹಿಂದೆ ಬರ್ತೀನಿ. ಹೆಂಗೂ ಸ್ಪ್ಯಾನರ್ ಬ್ಯಾಗ್ ಇಡಕ್ಕೆ ನಿನ್ನ ಗಾಡೀಲಿ ಜಾಗ ಇಲ್ಲ."

"ತೋಪಿನ ರೋಡು?"

"ಅದು ಸಂಜೆ ಮಾತು. ಅಷ್ಟೊತ್ತಿಗೆ ಪತ್ರಿಕೆ ಮುಗಿದಿರ್ತದೆ, ಅಮ್ಮನೂ ಸುಸ್ತಾಗಿರ್ತಾರೆ. ಆ ರೋಡು ನಿಂಗೆ ಖಾಲಿ ಕೊಡಿಸೋದು ನನ್ನ ಜವಾಬ್ದಾರಿ."

ಭಾನುವಾರ ಬೆಳಿಗ್ಗೆ ಕಾರಿನ ಪಕ್ಕ ನಿಂತ ಶಾಮಲಮ್ಮ ಅದನ್ನು ಮೇಲಿಂದ ಕೆಳಗೆ ನೋಡಿದರು. ಮೇಲಿಂದ ಕೆಳಗೆ ನೋಡಲು ಹೆಚ್ಚೇನೂ ಇರಲಿಲ್ಲ.

"ಇದಕ್ಕೆ ಸ್ಪೋರ್ಟ್ಸ್ ಕಾರು ಅಂತಾರಾ?"

"ಹೂಂ ಅಮ್ಮ," ಎಂದ ಮುಖ್ತಿಯಾರ್.

"ಯಾವ ಆಟ ಆಡ್ತಾರೆ ಇದರಲ್ಲಿ?"

"ಕೂರೋದೇ ಆಟ ಅಮ್ಮ. ಇಳಿಯೋದು ಫೈನಲ್."

ರೇಷ್ಮೆ ಸೀರೆಯ ಸೆರಗನ್ನು ತಲೆಗೆ ಬಿಗಿದು, ಪತ್ರಿಕೆಗಳ ಚೀಲವನ್ನು ಕಾಲ ಬಳಿ, ಕುಂಕುಮದ ಭರಣಿ ಅಕ್ಷತೆಯ ಬಟ್ಟಲು ಇದ್ದ ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅವರು ಕೂತರು. ಕದಿರೇಶ ಕ್ಲಚ್ ಬಿಟ್ಟ. ಊರು ದಾಟುವ ತನಕ ಎಲ್ಲ ಸರಿಯಿತ್ತು. ಮಾಲೂರಿನ ರಸ್ತೆಯಲ್ಲಿ ಮೂರನೇ ಗೇರಿಗೆ ಬದಲಿಸಿದ ಕೂಡಲೇ, ಸೂರಿಲ್ಲದ ಕಾರಿನೊಳಕ್ಕೆ ನುಗ್ಗಿದ ಗಾಳಿ ಬಟ್ಟಲಿನಿಂದ ಒಂದು ಹಿಡಿ ಅಕ್ಷತೆಯನ್ನು ಎತ್ತಿ, ಹಿಂದೆ ಬೈಕಿನಲ್ಲಿ ಬರುತ್ತಿದ್ದ ಮುಖ್ತಿಯಾರನ ತಲೆಯ ಮೇಲೆ ಸುರಿಯಿತು. ಅವನ ಹಿಂದಿದ್ದ ಇಟ್ಟಿಗೆ ಲಾರಿಗೂ ಸ್ವಲ್ಪ ಆಶೀರ್ವಾದ ಸಿಕ್ಕಿತು.

"ನಿಧಾನ ಕಣೋ, ಅಕ್ಷತೆ ಹಾರ್ತದೆ," ಎಂದರು ಶಾಮಲಮ್ಮ.

"ಮುಚ್ಕೋಮ್ಮ ಕೈಯಲ್ಲಿ."

"ಕೈಯಲ್ಲಿ ಸೆರಗು ಹಿಡಿದಿದೀನಿ. ನನಗೇನು ನಾಕು ಕೈಯಾ, ಗುಡೀಲಿ ಕೂತಿದೀನಾ?"

ಅಲ್ಲಿಂದಾಚೆಗೆ ಆ ಕಾರಿನ ವೇಗವನ್ನು ನಿರ್ಧರಿಸಿದ್ದು ಇಂಜಿನ್ ಅಲ್ಲ, ಬಟ್ಟಲು. ಅಕ್ಕಿ ಅಲುಗಾಡಿದರೆ ಎರಡನೇ ಗೇರು. ಅಕ್ಕಿ ನಿದ್ದೆ ಹೋದರೆ ಮೂರನೆಯದರ ಬಗ್ಗೆ ಯೋಚನೆ. ಮಾಲೂರು ಇನ್ನೂ ದೂರವಿರುವಾಗಲೇ ಅವರನ್ನು ಒಂದು ಟ್ರ್ಯಾಕ್ಟರ್ ಹಿಂದಿಕ್ಕಿತು. ಟ್ರೇಲರಿನಲ್ಲಿ ಕೂತಿದ್ದ ಹೆಂಗಸರು ತಿರುಗಿ ನೋಡುತ್ತಾ, ಕೆಟ್ಟು ನಿಂತಿದೆಯೇನೋ, ತಳ್ಳಬೇಕೇನೋ ಎಂದು ವಿಚಾರಿಸಿಕೊಂಡು ಹೋದರು.

ಮಾಲೂರಿನ ಅತ್ತೆ ಮೊದಲು ಪತ್ರಿಕೆ ತೆಗೆದುಕೊಂಡರು, ಆಮೇಲೆ ಕಾರಿನಲ್ಲಿ ಕೂತು ಫೋಟೋ ತೆಗೆಸಿಕೊಂಡರು, ಆಮೇಲೆ ಇಳಿಯಲಾಗದೆ ಅಲ್ಲೇ ಕೂತು ಕಾಫಿ ಕುಡಿದರು. ಕರೆಯಲು ಬಂದವರು ನಿಂತಿದ್ದರು, ಕರೆಸಿಕೊಂಡವರು ಕಾರಿನಲ್ಲಿದ್ದರು. ಹೊರಡುವಾಗ ಒಂದು ಹಲಸಿನ ಹಣ್ಣು ತಂದು ಸೀಟಿನ ಹಿಂದಿನ ಸಂದಿಗೆ ತುರುಕಿದರು.

"ಅತ್ತೆ, ಬೇಡ. ಗಾಡಿ ಖಾಲಿ ಇರ್ಲಿ," ಎಂದ ಕದಿರೇಶ, ಅಳುವ ದನಿಯಲ್ಲಿ.

"ಖಾಲಿ ಕೈಯಲ್ಲಿ ಕಳಿಸ್ತಾರೇನೋ ಯಾರಾದ್ರೂ? ನಾನೇನು ಹಂಗೆ ಬೆಳೆದೋಳಾ?"

ಮುಳಬಾಗಿಲಿಗೆ ಮುಟ್ಟುವಾಗ ಬಿಸಿಲು ನೆತ್ತಿಯ ಮೇಲಿತ್ತು, ನೆತ್ತಿಯ ಮೇಲೆ ಬೇರೇನೂ ಇರಲಿಲ್ಲ. ಇಬ್ಬರ ಮುಖವೂ ಕಾರಿನ ಬಣ್ಣಕ್ಕೆ ಬಂದಿತ್ತು. ಚಿಕ್ಕಪ್ಪ ಗಂಗಾಧರ್ ಗೇಟಿನಲ್ಲೇ ನಿಂತು, ಕಾರನ್ನು ಒಂದು ಸುತ್ತು ಬಂದು, ಹಣೆಗೆ ಕೈ ಹಚ್ಚಿದರು.

"ಏಮಿರಾ ಇದಿ? ಹೊಸ ಗಾಡಿ ತಗೊಂಡು, ಮೇಲೆ ಹಾಕ್ಸಕ್ಕೆ ದುಡ್ಡು ಸಾಲ್ಲಿಲ್ವಾ?"

"ಇದು ಹಳೇದು ಚಿಕ್ಕಪ್ಪ. ಇರೋದೇ ಹಿಂಗೆ."

"ಹಳೇದಾ? ಮತ್ತೆ ಕುರುಡುಮಲೆ ಗಣಪನ ಹತ್ರ ಪೂಜೆ ಮಾಡಿಸ್ಕೊಂಡೇ ಹೋಗು. ಹಳೇದಕ್ಕೇ ಪೂಜೆ ಜಾಸ್ತಿ ಬೇಕು. ರಾ, ಊಟ ಮಾಡು."

ಊಟವಾಯಿತು, ಪೂಜೆಯೂ ಆಯಿತು. ಚಕ್ರದಡಿ ನಿಂಬೆಹಣ್ಣು, ಮೂತಿಗೆ ಬೂದುಗುಂಬಳ, ಗಾಜಿಗೆ ಕುಂಕುಮ. ಹಲಸಿನ ಹಣ್ಣಿಗೆ ಜೊತೆಯಾಗಿ ಒಂದು ಚೀಲ ರಾಗಿ ಹಿಟ್ಟು ಬಂತು, ತೆಂಗಿನಕಾಯಿ ಬಂತು, ಸುನಂದಳಿಗೆಂದು ಒಂದು ಹಿತ್ತಾಳೆ ಕೊಳಗ ಬಂತು. ಕೊಳಗ ಬೇರೆಲ್ಲೂ ಹಿಡಿಸದೆ ಶಾಮಲಮ್ಮನವರ ಮಡಿಲು ಸೇರಿತು. ಆಮೇಲೆ ಅಕ್ಷತೆಯ ಬಟ್ಟಲು ಅದರೊಳಗೆ ಭದ್ರವಾಗಿ ಕೂತಿತು. ಇನ್ನು ಗಾಳಿಯ ಭಯವಿಲ್ಲ, ಜೋರಾಗಿ ಹೋಗಬಹುದು ಎಂದು ಕದಿರೇಶನಿಗೆ ಒಂದು ಕ್ಷಣ ಆಸೆ ಮೂಡಿತು. ಆದರೆ ಈಗ ಭಾರಕ್ಕೆ ಕಾರಿನ ಹೊಟ್ಟೆ ನೆಲ ಉಜ್ಜುತ್ತಿತ್ತು. ರಸ್ತೆಯ ಪ್ರತಿ ಹಂಪ್‌ಗೂ ಬೈಕಿನಿಂದ ಇಳಿದು, ಮುಖ್ತಿಯಾರ್ ಮಂಡಿಯೂರಿ ತಳ ನೋಡಿ, ಕೈ ಸನ್ನೆ ಮಾಡಿ ದಾಟಿಸಬೇಕಾಯಿತು.

"ನನ್ನ ವ್ಯಾನೇ ವಾಸಿ ಕಣೋ," ಎಂದ ಕದಿರೇಶ ಒಂದು ಹಂಪಿನ ಬಳಿ, ಬೆವರು ಒರೆಸುತ್ತಾ. "ಕ್ಯಾನುಗಳು ಮಾತಾದ್ರೂ ಆಡಲ್ಲ."

"ಕೇಳಿಸ್ತು," ಎಂದರು ಕೊಳಗದ ಹಿಂದಿನಿಂದ ಶಾಮಲಮ್ಮ.

ಶ್ರೀನಿವಾಸಪುರದಲ್ಲಿ ಎಲ್ಲೆಲ್ಲೂ ಮಾವು. ಕದಿರೇಶನಿಗೆ ಅಲ್ಲಿ ಮಾವೂ ಉಂಟು, ಮಾವನೂ ಉಂಟು. ಶಾಮಲಮ್ಮನವರ ಅಣ್ಣನಾದ ಆ ಮಾವನ ಮನೆಯೇ ಕೊನೆಯದು. ಅಷ್ಟು ಹೊತ್ತಿಗೆ ಬಿಸಿಲು ಇಳಿದಿತ್ತು, ಪತ್ರಿಕೆ ಮುಗಿದಿತ್ತು. ಮಾವನ ಹೆಂಡತಿ ವೆಂಕಟರತ್ನಮ್ಮ ಮತ್ತು ಶಾಮಲಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು, ಮದುವೆಗೆ ಯಾರು ಬರಬಹುದು ಎಂಬಲ್ಲಿಂದ ಶುರುಮಾಡಿ, ಯಾರು ಯಾಕೆ ಬರಬಾರದು ಎಂಬಲ್ಲಿಗೆ ಬಂದಿದ್ದರು. ಅದು ದೀರ್ಘವಾದ ವಿಷಯ.

ಮುಖ್ತಿಯಾರ್ ತನ್ನ ಜವಾಬ್ದಾರಿಯನ್ನು ಮರೆತಿರಲಿಲ್ಲ. ಅವನು ಮೆಟ್ಟಿಲ ಬಳಿ ಹೋಗಿ, ಕೈ ಕಟ್ಟಿ ನಿಂತ.

"ಅಮ್ಮಾ, ಸುಸ್ತಾಗಿದೀರ. ಈ ಗಾಡೀಲಿ ಮತ್ತೆ ಕೂತ್ರೆ ನಾಳೆ ಸೊಂಟ ಏಳಲ್ಲ. ಇವತ್ತು ಅಣ್ಣನ ಮನೇಲೇ ಇದ್ದುಬಿಡಿ."

"ಹೌದು ಶಾಮಲಾ," ಎಂದರು ವೆಂಕಟರತ್ನಮ್ಮ, ಕೈ ಹಿಡಿದು. "ಆ ಕೆಳಗಿನ ಮನೆಯವಳ ವಿಷಯ ನಿಂಗೆ ಇನ್ನೂ ಹೇಳ್ಲೇ ಇಲ್ಲ."

ಶಾಮಲಮ್ಮ ಯೋ‌ಚಿಸಿದರು. ಒಂದು ಕಡೆ ಕಾರು, ಇನ್ನೊಂದು ಕಡೆ ಕೆಳಗಿನ ಮನೆಯವಳ ವಿಷಯ. "ಸಾಮಾನು?"

"ನಾಳೆ ನಮ್ಮ ಮಾವಿನಕಾಯಿ ಟೆಂಪೋ ಕೋಲಾರಕ್ಕೆ ಹೋಗ್ತದೆ. ನಿನ್ನೂ ಹಲಸಿನ ಹಣ್ಣನ್ನೂ ಅದರಲ್ಲೇ ಕಳಿಸ್ತೀವಿ," ಎಂದರು ಮಾವ.

ಹಲಸು ಇಳಿಯಿತು. ರಾಗಿ ಹಿಟ್ಟು, ತೆಂಗಿನಕಾಯಿ, ಕೊಳಗ, ಕುಂಕುಮದ ತಟ್ಟೆ, ಎಲ್ಲವೂ ಒಂದೊಂದಾಗಿ ಇಳಿದವು. ಭಾರ ಇಳಿದಂತೆಲ್ಲ ಕಾರು ಮೆಲ್ಲಗೆ ಮೇಲೆದ್ದಿತು. ಕದಿರೇಶ ಸೀಟಿನ ಹಿಂದೆ ಇಣುಕಿ, ಪಕ್ಕದ ಸೀಟನ್ನು ಕೈಯಿಂದ ಸವರಿ, ಇನ್ನೇನೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡ. ತನ್ನ ಅದೃಷ್ಟವನ್ನು ನಂಬದೆ ಇನ್ನೊಮ್ಮೆ ಇಣುಕಿದ.

"ವೆಂಕಟರಾಯಪ್ಪನೋರು ಗ್ಯಾರೇಜಿಗೆ ಬಂದು ಕೂತಿದಾರಂತೆ. ನಾನು ಮುಂದೆ ಹೋಗಿರ್ತೀನಿ," ಎಂದ ಮುಖ್ತಿಯಾರ್, ಬೈಕು ಒದೆಯುತ್ತಾ. "ರೋಡು ಖಾಲಿ, ಗಾಡಿ ಖಾಲಿ, ಯಾರೂ ನಿನ್ನ ಕಾಯ್ತಿಲ್ಲ ಅಂತ ಅಂದ್ಕೋ. ಹಾಕು ಟಾಪ್ ಗೇರ್."

"ನೀನು? ನಿಂಗೂ ಓಡಿಸ್ಬೇಕಿತ್ತಲ್ಲ."

"ನಾನು ಅದರ ಹೊಟ್ಟೆ ಒಳಗೇ ಆರು ತಿಂಗಳಿದ್ದೆ ಭಾಯ್. ಹೋಗು."

ಕದಿರೇಶ ಹೊರಟ. ಕೆಂಪು ಕಾರು ಊರಿನ ಕೊನೆಯ ಮಾವಿನ ಮಂಡಿಯನ್ನು ದಾಟಿ, ಮಾವಿನ ಮರಗಳ ನಡುವಿನ ರಸ್ತೆಗೆ ತಿರುಗಿದ್ದನ್ನು ಮುಖ್ತಿಯಾರ್ ಕಣ್ಣಾರೆ ನೋಡಿದ. ಆಮೇಲೆ ಅಡ್ಡದಾರಿ ಹಿಡಿದು ಕೋಲಾರಕ್ಕೆ ಬಂದ.

ಗ್ಯಾರೇಜಿನಲ್ಲಿ ವೆಂಕಟರಾಯಪ್ಪನವರು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಮದುವೆ ಮನೆಯ ಹುಡುಗಿಯ ತಂದೆಯಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅಂಬ್ರೀನ್ ಟೀ ತಂದುಕೊಟ್ಟಳು. ಟೀ ಮುಗಿಯಿತು. ಕಾರು ಬರಲಿಲ್ಲ.

"ಟಾಪ್ ಗೇರಲ್ಲಿ ಬಂದಿದ್ರೆ ಇಷ್ಟೊತ್ತಿಗೆ ಬರಬೇಕಿತ್ತಲ್ವೇನಪ್ಪ?"

"ಒಂದು ಸಲ ಹಾಕಿದ್ಮೇಲೆ ನಿಲ್ಸಕ್ಕೆ ಮನಸ್ಸಾಗಿರಲ್ಲ ಸಾರ್. ಹಂಗೇ ಮುಂದೆ ಎಲ್ಲೋ ಹೋಗಿರ್ತಾನೆ. ಅಂತರಗಂಗೆ ಕಡೆ ಒಂದು ಸುತ್ತು ಹೊಡೀತಿರಬಹುದು."

ಫೋನ್ ಮಾಡಿದರು. ರಿಂಗ್ ಆಗುತ್ತಿತ್ತು, ಎತ್ತಲಿಲ್ಲ.

"ಎತ್ತಬಾರ್ದು," ಎಂದರು ವೆಂಕಟರಾಯಪ್ಪ, ಕಣ್ಣು ಹೊಳೆಯಿಸುತ್ತಾ. "ಆ ಸ್ಪೀಡಲ್ಲಿ ಯಾರಾದ್ರೂ ಫೋನ್ ಎತ್ತುತ್ತಾರೇನಯ್ಯ?"

ಬೀದಿ ದೀಪ ಹತ್ತಿಕೊಂಡವು. ಅವರು ಎದ್ದು ನಿಂತರು, ಮಂಡಿ ಹಿಡಿದುಕೊಂಡು ಗಲ್ಲಿಯ ತುದಿಯವರೆಗೆ ಹೋಗಿ ಬಂದರು. "ಇಂಜಿನ್ ಸದ್ದು ಹೆಂಗಿರ್ತದೋ ಆಗ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಮುಖ್ತಿಯಾರ್ ಒಳಗೊಳಗೇ ಬ್ರೇಕಿನ ಬಗ್ಗೆ ಯೋಚಿಸುತ್ತಿದ್ದ. ಅವನ ಮುಖ ನೋಡಿ ಯಜಮಾನರು ಬೆನ್ನು ತಟ್ಟಿದರು. "ಹೋಗ್ಲಿ ಬಿಡೋ. ಇಷ್ಟು ವರ್ಷ ನಿಂತಿದ್ದ ಗಾಡಿ. ಜಿಲ್ಲೆ ದಾಟಿದ್ರೂ ದಾಟ್ಲಿ. ಆಂಧ್ರಕ್ಕೇ ಹೋಗ್ಲಿ."

ಕೊನೆಗೆ ಗಲ್ಲಿಯ ತಿರುವಿನಲ್ಲಿ ಎರಡು ಮಂಕು ದೀಪ ಕಂಡವು. ಕಾರು ಮೆಲ್ಲಗೆ ಬಂದು ಶಟರಿನ ಮುಂದೆ ನಿಂತಿತು. ಕದಿರೇಶ ಇಳಿದ. ಅವನ ಮುಖದಲ್ಲಿ ಯಾರೂ ಹಿಂದೆಂದೂ ನೋಡಿರದ ಕಳೆಯಿತ್ತು. ಕಣ್ಣಿನ ಕೆಂಪೆಲ್ಲ ಹೋಗಿ, ಎಣ್ಣೆ ಸ್ನಾನ ಮಾಡಿಸಿದ ಕೂಸಿನಂತೆ ಕಾಣುತ್ತಿದ್ದ. ಕೂದಲು ಒಂದೇ ಪಕ್ಕಕ್ಕೆ ಎದ್ದು ನಿಂತಿತ್ತು. ಎಡಗೆನ್ನೆಯ ಮೇಲೆ ಉದ್ದುದ್ದ ಗೆರೆ.

"ನೋಡಿ ಸಾರ್, ಗಾಳಿ ಹೆಂಗೆ ಹೊಡೆದಿದೆ ಮುಖಕ್ಕೆ," ಎಂದ ಮುಖ್ತಿಯಾರ್ ಹೆಮ್ಮೆಯಿಂದ.

ವೆಂಕಟರಾಯಪ್ಪನವರು ಹತ್ತಿರ ಬಂದು, ಕದಿರೇಶನ ಎರಡೂ ಭುಜ ಹಿಡಿದುಕೊಂಡರು.

"ಹೇಳಪ್ಪ. ಟಾಪ್ ಗೇರಲ್ಲಿ ಹೆಂಗಿತ್ತು?"

ಕದಿರೇಶ ಆಕಳಿಸಿದ.

"ಅಲ್ಲಿ ತನಕ ಹೋಗ್ಲೇ ಇಲ್ಲ ಸಾರ್. ಊರು ದಾಟಿದ ತಕ್ಷಣ ಒಂದು ತೋಪಿನ ನೆರಳು ಸಿಕ್ತು. ಯಾರೂ ಇರ್ಲಿಲ್ಲ. ನಿಲ್ಲಿಸಿ ಮಲಗಿಬಿಟ್ಟೆ. ಕತ್ತಲಾದ ಮೇಲೆ ತೋಪು ಕಾಯೋನು, ಕಾಯಿ ಕದಿಯಕ್ಕೆ ಬಂದೋನು ಅಂದ್ಕೊಂಡು ಎಬ್ಬಿಸ್ದ. ಅಲ್ಲಿಂದ ಈ ದೀಪದಲ್ಲಿ ದಾರಿ ಕಾಣ್ದೆ ಸೆಕೆಂಡ್ ಗೇರಲ್ಲೇ ಬಂದೆ. ಆದ್ರೆ ಸೀಟು ಮಾತ್ರ ತುಂಬಾ ಚೆನ್ನಾಗಿದೆ ಸಾರ್."